ಹಡಗಿನಲ್ಲಿ ಎದುರು ಅಂಗಡಿ ಇಲ್ಲ

ಕ್ರಿಸ್ಮಸ್ ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ನನ್ನ ಹಡಗು ಪ್ರಯಾಣದ್ದೇ ಸುದ್ದಿ. ಹಡಗು ಎಷ್ಟು ದೊಡ್ಡದು, ವಾಂತಿ ಬಂತೇ, ರಾತ್ರಿ ನಿದ್ದೆ ಬಂತೇ ಎಂದು ಎಲ್ಲರೂ ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿ ಕೊನೆಗೆ ನಾನೊಂದು ದೂರು ಹೇಳಿದೆ. ಕುಡಿಯುವ ತಂಪು ಪಾನೀಯದಲ್ಲಿ ನಮಗೆ ಬೇಕಾದ್ದು ಸಿಗಲಿಲ್ಲ ಎಂದೆ. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. "ಅಲ್ಲ ಮಾಷ್ಟ್ರೇ, ನೀವು ಹೋದದ್ದು ಕಡಲು ನೋಡಲಿಕ್ಕಾ, ಕೂಲ್‌ಡ್ರಿಂಕ್ಸ್ ಕುಡಿಯಲಿಕ್ಕಾ?"

ಅವರು ನಕ್ಕದ್ದು ತಪ್ಪಲ್ಲ. ಹೊರಗಿನಿಂದ ನೋಡಿದರೆ ಇದು ಹೊಟ್ಟೆ ತುಂಬಿದವರ ದೂರಿನಂತೆಯೇ ಕಾಣುತ್ತದೆ. ಆದರೆ ಆ ಎರಡು ರಾತ್ರಿಗಳಲ್ಲಿ ನಡೆದದ್ದನ್ನು ನೆನೆದರೆ ನನಗೆ ನಗು ಬರುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ದೊಡ್ಡಕ್ಕನ ಮಗ ಗಲ್ಫಿನಲ್ಲಿದ್ದಾನೆ. ಅಪ್ಪ ಅಮ್ಮನ ಮದುವೆಯಾಗಿ ಮೂವತ್ತೈದು ವರ್ಷವಾಯಿತೆಂದು ಕೊಚ್ಚಿಯಿಂದ ಹೊರಡುವ ಹಡಗಿನಲ್ಲಿ ಎರಡು ರಾತ್ರಿಯ ಪ್ರವಾಸಕ್ಕೆ ಟಿಕೇಟು ಮಾಡಿಸಿದ. ಇಬ್ಬರೇ ಹೋಗಲು ಹೆದರುತ್ತಾರೆಂದು ನನಗೂ ನನ್ನ ಹೆಂಡತಿಗೂ ಒಂಬತ್ತನೇ ತರಗತಿಯ ಮಗಳಿಗೂ ಸೇರಿಸಿಯೇ ಮಾಡಿಸಿದ. ಯಾರಿಗೂ ಕೊರತೆಯಾಗದಿರಲಿ ಎಂದು ತಂಪು ಪಾನೀಯದ ಪ್ಯಾಕೇಜನ್ನೂ ಕೊಂಡಿದ್ದ. ಎಷ್ಟು ಬೇಕಾದರೂ ಕುಡಿಯಬಹುದು, ಬೇರೆ ದುಡ್ಡು ಕೊಡಬೇಕಾಗಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಭಾವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ, ನಡಿಗೆ, ಅಕ್ಕನ ಪಥ್ಯದ ಅಡುಗೆ ಎಲ್ಲ ಸೇರಿ ಬೆಳಗ್ಗಿನ ಲೆಕ್ಕ ೧೪೦ರ ಆಸುಪಾಸಿನಲ್ಲಿ ನಿಂತಿದೆ. ಅಕ್ಕ ಮುನ್ನೆಚ್ಚರಿಕೆಯಿಂದ ಒಂದು ಬಾಟಲಿ ಪುನರ್ಪುಳಿ ರಸ ತಂದಿದ್ದಳು. ಸಕ್ಕರೆ ಹಾಕದೆ ಉಪ್ಪು, ಜೀರಿಗೆ ಹಾಕಿದ್ದು. ಬಂದರಿನ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಂಡರು. ಹೆಸರು ಚೀಟಿ ಇಲ್ಲದ ಬಾಟಲಿಯಲ್ಲಿ ಕೆಂಪು ನೀರು ಕಂಡರೆ ಅವರಾದರೂ ಏನೆಂದುಕೊಳ್ಳಬೇಕು? "ಇಳಿಯುವಾಗ ತೆಗೆದುಕೊಳ್ಳಿ" ಎಂದು ಒಂದು ಚೀಟಿ ಕೊಟ್ಟರು. ಅಕ್ಕನ ಮುಖ ಬಾಡಿತು.

ರಾತ್ರಿ ಊಟಕ್ಕೆ ಕುಳಿತಾಗ ಪಾನೀಯದ ಪಟ್ಟಿ ಬಂತು. ಒಂದೇ ಕಂಪೆನಿಯ ಕೋಲಾ, ಕಿತ್ತಳೆ, ಲಿಂಬೆ ರುಚಿಯದ್ದು. ಸಕ್ಕರೆಯಿಲ್ಲದ ಬಗೆ ಪಟ್ಟಿಯಲ್ಲಿತ್ತು, ಆದರೆ ಕೇಳಿದಾಗ "ಸ್ಟಾಕ್ ಇಲ್ಲ" ಎಂದರು. ಸಾದಾ ಸೋಡಾ ಇದೆಯೇ ಎಂದು ಕೇಳಿದೆ. ಪ್ಯಾಕೇಜಿನಲ್ಲಿ ಇಲ್ಲ ಎಂದರು. ಭಾವ, "ಬಿಡಿ ಮಾಷ್ಟ್ರೇ, ಹುಡುಗ ದುಡ್ಡು ಕೊಟ್ಟಿದ್ದಾನೆ, ಹಾಳು ಮಾಡುವುದು ಯಾಕೆ?" ಎಂದು ಕಿತ್ತಳೆಯದ್ದು ತರಿಸಿಕೊಂಡರು. ಊಟದ ಜೊತೆ ಒಂದು, ಹಾಡು ಕುಣಿತ ನೋಡುವಾಗ ಇನ್ನೊಂದು, ಮಲಗುವ ಮೊದಲು ಮತ್ತೊಂದು. ಮರುದಿನ ಬೆಳಗ್ಗೆ ಅಕ್ಕ ಬೆರಳು ಚುಚ್ಚಿ ನೋಡಿದಾಗ ೨೯೪. ಸುತ್ತಲೂ ನೀರು, ದಡ ಎಲ್ಲಿಯೂ ಕಾಣುವುದಿಲ್ಲ. ಅಕ್ಕ ಬಾಯಿಬಿಟ್ಟು ಏನೂ ಹೇಳಲಿಲ್ಲ. ಯಂತ್ರವನ್ನು ನನ್ನ ಕೈಗೆ ಕೊಟ್ಟಳು.

ಊರಿನಲ್ಲಾದರೆ ಒಂದು ಹೋಟೆಲಿನಲ್ಲಿ ಬೇಕಾದ್ದು ಸಿಗದಿದ್ದರೆ ಎದುರು ಅಂಗಡಿಗೆ ಹೋಗುತ್ತೇವೆ. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಲಿಂಬೆ ಸೋಡಾ, ಎಳನೀರು, ಮಜ್ಜಿಗೆ, ನನ್ನಾರಿ ಸರ್ಬತ್ತು ಎಲ್ಲ ನೂರು ಹೆಜ್ಜೆಯೊಳಗೆ ಸಿಗುತ್ತದೆ. ಹಡಗಿನಲ್ಲಿ ಎದುರು ಅಂಗಡಿ ಇಲ್ಲ. ಪಟ್ಟಿ ಬರೆದವನು ಬಿಟ್ಟದ್ದು ನಮಗೆ ಇಲ್ಲ. ನನ್ನ ಸಹೋದ್ಯೋಗಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಹಡಗಿನಲ್ಲಿ ಹೀಗೆ ಒಂದೇ ಕಂಪೆನಿಯ ಪಾನೀಯ ಯಾಕಿರುತ್ತದೆ? ಜಾಗ ಇಲ್ಲವೆಂದು ನಾನು ಮೊದಲು ಎಣಿಸಿದ್ದೆ. ನಿಜವಾದ ಕಾರಣ ಕರಾರು. ದೊಡ್ಡ ಹಡಗು ಕಂಪೆನಿಗಳು ಯಾವುದಾದರೂ ಒಂದು ಪಾನೀಯ ಕಂಪೆನಿಯೊಡನೆ ಒಪ್ಪಂದ ಮಾಡಿಕೊಳ್ಳುತ್ತವೆ. ಸಿನೆಮಾ ಟಾಕೀಸುಗಳಲ್ಲಿ ನಡೆಯುವುದೂ ಇದೇ. ಅಮೆರಿಕದ ಕಾರ್ನಿವಲ್ ಕಂಪೆನಿಯ ಹಡಗುಗಳಲ್ಲಿ ಬಹಳ ಕಾಲ ಕೋಕಾ-ಕೋಲಾ ಇತ್ತು. ೨೦೨೦ರ ಆರಂಭದಲ್ಲಿ ಅದು ಪೆಪ್ಸಿಗೆ ಬದಲಾಯಿತು. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಆಗ ಕೋಕಾ-ಕೋಲಾ ಇತ್ತು. ಒಂದು ಇದ್ದಲ್ಲಿ ಇನ್ನೊಂದು ಇಲ್ಲ. ಇದು ಮೇಜಿಗೆ ಲೋಟ ತಂದಿಡುವ ಹುಡುಗ ಮಾಡಿದ ತೀರ್ಮಾನವಲ್ಲ. ಆದ್ದರಿಂದ ಅವನ ಮೇಲೆ ರೇಗುವುದು ಅನ್ಯಾಯ. ಆ ರಾತ್ರಿ ಪಕ್ಕದ ಮೇಜಿನವರೊಬ್ಬರು ತಮ್ಮ ಮೆಚ್ಚಿನ ಕೋಲಾ ಇಲ್ಲವೆಂದು ಅವನನ್ನು ಬಾಯಿಗೆ ಬಂದಂತೆ ಬೈದರು. ನೋಡಿ ನಮಗೇ ನಾಚಿಕೆಯಾಯಿತು.

ಇನ್ನೊಂದು ಮಾತು. ಪಟ್ಟಿಯಲ್ಲಿ ಹೆಸರು ಹೆಚ್ಚಾದರೆ ಆಯ್ಕೆ ಹೆಚ್ಚಾಯಿತೆಂದು ನಾವು ತಿಳಿಯುತ್ತೇವೆ. ಥಮ್ಸ್ ಅಪ್, ಲಿಮ್ಕಾ, ಸ್ಪ್ರೈಟ್, ಫ್ಯಾಂಟಾ, ಮಾಜಾ ಎಂದು ಐದು ಹೆಸರು ಬರೆದರೂ ಐದೂ ಇಂದು ಕೋಕಾ-ಕೋಲಾದ್ದೇ. ಪೆಪ್ಸಿ, ಮಿರಿಂಡಾ, ಸೆವೆನ್ ಅಪ್, ಮೌಂಟನ್ ಡ್ಯೂ, ಸ್ಲೈಸ್ ಎಂದರೆ ಆ ಐದೂ ಇನ್ನೊಂದು ಮನೆಯದ್ದು. ೧೯೭೭ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋದಾಗ ಇಲ್ಲಿ ಥಮ್ಸ್ ಅಪ್ ಬಂತು, ಸರಕಾರವೇ ಡಬಲ್ ಸೆವೆನ್ ಎಂಬ ಕೋಲಾ ತಯಾರಿಸಿತು, ಕ್ಯಾಂಪಾ ಕೋಲಾ ಓಡಿತು. ೧೯೯೩ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಈಗ ಕ್ಯಾಂಪಾ ಕೂಡ ೨೦೨೩ರಿಂದ ರಿಲಯನ್ಸ್ ಮೂಲಕ ಮತ್ತೆ ಅಂಗಡಿಗೆ ಬಂದಿದೆ. ಹೆಸರು ಯಾವುದಾದರೂ ಭಾವನ ಪಾಲಿಗೆ ಎಲ್ಲ ಒಂದೇ ಸಕ್ಕರೆ ನೀರು. ನಮ್ಮ ಹಡಗಿನಲ್ಲಿದ್ದದ್ದು ಯಾವ ಕಂಪೆನಿಯದ್ದೆಂದು ನಾನು ಬರೆಯುವುದಿಲ್ಲ, ಇನ್ನೊಂದರದ್ದಾಗಿದ್ದರೂ ಆ ೨೯೪ ಬದಲಾಗುತ್ತಿರಲಿಲ್ಲ.

ನನ್ನ ಮಗಳು ಹಡಗಿನಲ್ಲೇ ಲೆಕ್ಕ ಹಾಕಿದಳು. ಸಾಮಾನ್ಯ ಕೋಲಾದ ೩೩೦ ಮಿ.ಲೀ. ಡಬ್ಬಿಯಲ್ಲಿ ಸುಮಾರು ೩೫ ಗ್ರಾಂ ಸಕ್ಕರೆ. ಒಂದು ಚಹಾ ಚಮಚಕ್ಕೆ ೫ ಗ್ರಾಂ ಎಂದರೆ ಏಳು ಚಮಚ. ಕಿತ್ತಳೆಯದ್ದೂ ಹೆಚ್ಚು ಕಡಿಮೆ ಅಷ್ಟೇ ಎಂದರೂ ಮೂರು ಲೋಟಕ್ಕೆ ಇಪ್ಪತ್ತರ ಮೇಲಾಯಿತು. ಆರೋಗ್ಯವಂತರಿಗೇ ದಿನಕ್ಕೆ ಸುಮಾರು ೨೫ ಗ್ರಾಂನೊಳಗೆ ಇದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದೆ. "ಮಾವಾ, ನಮ್ಮ ಮನೆಯಲ್ಲಿ ನೀವು ಚಹಾಕ್ಕೆ ಅರ್ಧ ಚಮಚವೂ ಹಾಕಿಸಿಕೊಳ್ಳುವುದಿಲ್ಲ" ಎಂದಳು. ಭಾವ ಸುಮ್ಮನಾದರು.

ಮಧ್ಯಾಹ್ನದ ಊಟಕ್ಕೆ ಬೇರೆ ಹುಡುಗನೊಬ್ಬ ಬಂದ. ನಮ್ಮ ಮಾತು ಕೇಳಿ ತುಳುವಿನಲ್ಲಿ ಮಾತಾಡಿಸಿದ. ಮಂಗಳೂರಿನ ಕಡೆಯವನು. ಕರಾವಳಿಯ, ಗೋವಾದ ಎಷ್ಟೋ ಹುಡುಗರು ಈ ಕೆಲಸದಲ್ಲಿದ್ದಾರೆ. ಅವನಿಗೆ ಭಾವನ ವಿಷಯ ಹೇಳಿದೆ. ಅವನು ಹೇಳಿದ ಸಂಗತಿ ನಾನು ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿಯೂ ಯೋಚಿಸದೆ ಇದ್ದದ್ದು. ಹಡಗಿನಲ್ಲಿ ಲೋಟಕ್ಕೆ ಬರುವ ಪಾನೀಯ ಬಾಟಲಿಯಲ್ಲಿ ತುಂಬಿಸಿ ತಂದದ್ದಲ್ಲ. ಪಾಕ ಮಾತ್ರ ಪೆಟ್ಟಿಗೆಯಲ್ಲಿ ಬರುತ್ತದೆ. ಒಂದು ಪಾಲು ಪಾಕಕ್ಕೆ ಸುಮಾರು ಐದು ಪಾಲು ಸೋಡಾ ನೀರನ್ನು ಯಂತ್ರವೇ ಬೆರೆಸುತ್ತದೆ. ನೀರು, ಗ್ಯಾಸು ಎರಡೂ ಹಡಗಿನದ್ದೇ. ಹಾಗಾದರೆ ಕಿತ್ತಳೆ ಪಾನೀಯ ಇರುವಲ್ಲಿ ಸೋಡಾ ಇಲ್ಲದಿರುವುದು ಹೇಗೆ? ಪಾಕದ ಗುಂಡಿ ಒತ್ತದೆ ಸೋಡಾದ ಗುಂಡಿ ಒತ್ತಿದರೆ ಆಯಿತು.

ಅವನು ತನ್ನ ಮೇಲಿನವರನ್ನು ಕೇಳಿ ಒಂದು ಲೋಟ ಸೋಡಾ ತಂದ. ಅಡುಗೆಮನೆಯಿಂದ ಒಂದು ಲಿಂಬೆ ಹೋಳು, ಚಿಟಿಕೆ ಉಪ್ಪು. ಬೇರೆ ದುಡ್ಡು ಕೇಳಲಿಲ್ಲ. ಭಾವ ಒಂದು ಗುಟುಕು ಕುಡಿದು, "ಇದು ನಿನ್ನೆಯೇ ಸಿಕ್ಕಿದ್ದರೆ!" ಎಂದರು. ಆಮೇಲಿನ ಎರಡು ಹೊತ್ತೂ ಅದೇ. ಮರುದಿನ ಬೆಳಗ್ಗೆ ೧೮೨ಕ್ಕೆ ಇಳಿದಿತ್ತು.

ಅಂದರೆ ಬೇಕಾದ್ದು ಹಡಗಿನಲ್ಲಿ ಇತ್ತು, ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ನನಗೆ ಬೇಸರವಾದದ್ದು ಇಲ್ಲಿಯೇ. ಹತ್ತು ಬಗೆಯ ಕೋಲಾ ಇಡಿ ಎಂದು ನಾನು ಕೇಳುವುದಿಲ್ಲ. ಒಂದೇ ಕಂಪೆನಿಯ ಸರಕು ಇರಲಿ, ವ್ಯಾಪಾರ ಅವರದ್ದು. ಆದರೆ ದಡ ಬಿಟ್ಟು ಹೊರಡುವ ಹಡಗಿನಲ್ಲಿ ಸಾದಾ ಸೋಡಾ, ಉಪ್ಪು ಲಿಂಬೆ, ಮಜ್ಜಿಗೆ, ಸಕ್ಕರೆಯಿಲ್ಲದ ಒಂದು ಪಾನೀಯ, ಇಷ್ಟು ಪಟ್ಟಿಯಲ್ಲಿ ಬರೆದೇ ಇರಬೇಕು. ತುಳು ಬಲ್ಲ ಹುಡುಗ ಸಿಕ್ಕಿದವರಿಗೆ ಮಾತ್ರ ಸೋಡಾ ಸಿಗುವುದಾದರೆ ಅದು ವ್ಯವಸ್ಥೆಯಲ್ಲ, ಅದೃಷ್ಟ.

ನಮ್ಮ ತಪ್ಪೂ ಇದೆ. ಪ್ಯಾಕೇಜಿಗೆ ಕೊಟ್ಟ ದುಡ್ಡು ವಸೂಲಾಗಬೇಕೆಂಬ ಆಸೆ ಭಾವನದ್ದು ಮಾತ್ರವಲ್ಲ, ನಾನೂ ನಾಲ್ಕು ಲೋಟ ಕುಡಿದಿದ್ದೆ. ಮನೆಯಲ್ಲಿ ವರ್ಷಕ್ಕೆ ನಾಲ್ಕು ಕುಡಿಯುವವನಲ್ಲ. ಜೊತೆಗೆ, ಒಮ್ಮೆ "ಇಲ್ಲ" ಎಂದ ಕೂಡಲೇ ಸುಮ್ಮನಾದೆವು. ಮಕ್ಕಳಿಗೆ "ಸಂಶಯ ಬಂದರೆ ಕೇಳಿ" ಎಂದು ದಿನಾ ಹೇಳುವ ನಾನು ಅಲ್ಲಿ ಎರಡನೇ ಸಲ ಕೇಳಲಿಲ್ಲ.

ಇನ್ನು ಹಡಗಿಗೆ ಹೋಗುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಟಿಕೇಟು ಮಾಡುವ ಮೊದಲೇ ಕುಡಿಯಲು ಏನೇನು ಧರ್ಮಕ್ಕೆ, ಏನೇನು ದುಡ್ಡಿಗೆ ಎಂದು ಕೇಳಿ. ನೀರು, ಚಹಾ, ಕಾಫಿ ಹೆಚ್ಚಿನ ಕಡೆ ಊಟದ ಜಾಗದಲ್ಲಿ ಧರ್ಮಕ್ಕೆ ಸಿಗುತ್ತದೆ. ದೊಡ್ಡ ಹಡಗುಗಳಲ್ಲಿ ಕಡಲ ನೀರಿನಿಂದಲೇ ಉಪ್ಪು ತೆಗೆದು ಸಿಹಿನೀರು ಮಾಡುತ್ತಾರೆ, ಊಟದ ಜಾಗದಲ್ಲಿ ಕುಡಿಯಲಿಕ್ಕೆಂದು ಕೊಡುವ ನೀರಿಗೆ ಹೆದರಬೇಕಾಗಿಲ್ಲ. ದಿನಕ್ಕೆ ಎಷ್ಟು ಲೋಟ ಕುಡಿಯುತ್ತೀರಿ ಎಂದು ಲೆಕ್ಕ ಹಾಕದೆ ಪ್ಯಾಕೇಜು ಕೊಳ್ಳಬೇಡಿ.

ಜೊತೆಗೆ ಏನು ಒಯ್ಯಬಹುದು ಎಂಬ ನಿಯಮ ಓದಿ. ಒಂದೊಂದು ಕಂಪೆನಿಯದ್ದು ಒಂದೊಂದು ಬಗೆ. ಕಾರ್ನಿವಲ್‌ನವರು ಹತ್ತುವ ದಿನ ಒಬ್ಬರಿಗೆ ೧೨ ಡಬ್ಬಿ ತಂಪು ಪಾನೀಯ ಬಿಡುತ್ತಾರೆ, ಬಾಟಲಿ ಬಿಡುವುದಿಲ್ಲ. ಮನೆಯಲ್ಲಿ ತುಂಬಿಸಿದ ಬಾಟಲಿ ಒಯ್ದರೆ ನಮ್ಮ ಅಕ್ಕನಿಗಾದದ್ದೇ ಆದೀತು. ಅಂಗಡಿಯ ಮುಚ್ಚಿದ ಪ್ಯಾಕೆಟಿನ ಜೀರಿಗೆ, ಒಣ ಶುಂಠಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬಿಸಿನೀರು ಸಿಕ್ಕಿದರೆ ಉಳಿದದ್ದು ನಾವೇ ಮಾಡಿಕೊಳ್ಳಬಹುದು.

ಪಟ್ಟಿಯಲ್ಲಿ ಇಲ್ಲವೆಂದರೆ ಬಿಡಬೇಡಿ. ಕಾರಣ ಹೇಳಿ, ಮೆಲ್ಲಗೆ, ಇನ್ನೊಮ್ಮೆ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಟಿಕೇಟು ಮಾಡುವಾಗಲೇ ಬರೆಸಿ.

ಕೊನೆಯದ್ದು, ಸಿಹಿ ಪಾನೀಯವನ್ನು ವಿಷವೆಂದು ದೂರ ಎಸೆಯಬೇಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾಗಿ ಸಕ್ಕರೆ ಇಳಿದುಹೋದರೆ, ಬೆವರು ನಡುಕ ಬಂದರೆ, ಅರ್ಧ ಲೋಟ ಸಿಹಿ ಪಾನೀಯವೇ ಆಗ ಔಷಧ. ಭಾವನ ಕಿಸೆಯಲ್ಲಿ ಅಕ್ಕ ಯಾವಾಗಲೂ ಎರಡು ಮಿಠಾಯಿ ಇಟ್ಟಿರುತ್ತಾಳೆ.

ಇಳಿಯುವಾಗ ಚೀಟಿ ತೋರಿಸಿದೆವು, ಪುನರ್ಪುಳಿ ಬಾಟಲಿ ಹಾಗೆಯೇ ವಾಪಸು ಸಿಕ್ಕಿತು. ಎರ್ನಾಕುಳಂ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ನೀರಿಗೆ ಬೆರೆಸಿ ಐದು ಜನರೂ ಕುಡಿದೆವು.

ಫೆಬ್ರವರಿಯಲ್ಲಿ ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ನೀಲೇಶ್ವರದ ಕೋಟ್ಟಪ್ಪುರಂನಿಂದ ಹೊರಡುವ ಹೌಸ್‌ಬೋಟಿನಲ್ಲಿ ಹಿನ್ನೀರಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ. ಮೊನ್ನೆ ಬೋಟಿನವರಿಗೆ ಫೋನು ಮಾಡಿದಾಗ, ಊಟದ ಜೊತೆ ಕೂಲ್‌ಡ್ರಿಂಕ್ಸ್ ನಮ್ಮ ಲೆಕ್ಕದಲ್ಲೇ ಎಂದರು. ಅದು ಬೇಡ, ಕುದಿಸಿದ ಜೀರಿಗೆ ನೀರು, ಲಿಂಬೆ, ಉಪ್ಪು, ಮಜ್ಜಿಗೆ ಇರಲಿ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಅದಕ್ಕೇನು ಮಾಷೇ, ಯಾರೂ ಕೇಳುವುದಿಲ್ಲ, ಅದಕ್ಕೆ ಇಡುವುದಿಲ್ಲ" ಎಂದರು. ನನ್ನನ್ನು ನೋಡಿ ನಕ್ಕಿದ್ದ ಆ ಸಹೋದ್ಯೋಗಿಯೂ ಪಕ್ಕದಲ್ಲೇ ಇದ್ದರು. ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಲು ಹೇಳಿ ಎಂದರು.