ಸಂದರ್ಶನವೆಂಬ ಅಡ್ಡಗೋಡೆ

ನಮ್ಮ ಶಿರೂರು ತಾಲೂಕಿನ ರಾಂಜಣಗಾವ್ ಕೈಗಾರಿಕಾ ವಸಾಹತಿನಲ್ಲಿ ನೇಮಕಾತಿಯ ಮೇಜಿನಾಚೆ ಕುಳಿತ ಕನ್ನಡ ಬಾಂಧವರಿಗೆ ಒಂದು ನೇರ ಪ್ರಶ್ನೆ: ತಂತ್ರಾಂಶದ ದೋಷ ಹುಡುಕುವವನಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಚಾತುರ್ಯವೇಕೆ? ಆಟಿಸಂ ಉಳ್ಳ ಎಷ್ಟೋ ತರುಣರು ಸೋಲುವುದು ಕೆಲಸದಲ್ಲಲ್ಲ, ಸಂದರ್ಶನದಲ್ಲಿ. ಸ್ಯಾಪ್ ಸಂಸ್ಥೆ ಬೆಂಗಳೂರಿನಲ್ಲಿ ಅಂಥ ಆರು ಮಂದಿಯನ್ನು ತಂತ್ರಾಂಶ ಪರೀಕ್ಷಕರನ್ನಾಗಿ ತೆಗೆದುಕೊಂಡು, 2013ರಲ್ಲಿ ಆ ಪ್ರಯೋಗವನ್ನು ಹೊರದೇಶಗಳಿಗೂ ವಿಸ್ತರಿಸಲು ಹೊರಟಿತು.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಶೇ. 1ರ ಪಾಲು ಕೊಟ್ಟಿತು. ಅದನ್ನೂ ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮನೋರೋಗ ಮುಂತಾದವುಗಳೊಡನೆ ಹಂಚಿಕೊಳ್ಳಬೇಕು. ಕೇಂದ್ರ ಸರಕಾರದ ಅಧಿಕಾರಿಯಾಗಿಯೇ ಹೇಳುತ್ತೇನೆ: ಶೇಕಡಾವಾರು ಲೆಕ್ಕ ಬರೆಯುವುದರಲ್ಲಿ ನಾವು ನಿಸ್ಸೀಮರು, ಗದ್ದಲವಿಲ್ಲದ ಒಂದು ಮೂಲೆ, ಸ್ಪಷ್ಟವಾದ ಲಿಖಿತ ಸೂಚನೆ ಕೊಡುವಾಗ ಮಾತ್ರ ನಮಗೆ ನಿಯಮಗಳು ನೆನಪಾಗುತ್ತವೆ. ಇವಕ್ಕೆ ತಗಲುವ ವೆಚ್ಚವಾದರೂ ಎಷ್ಟು? ಒಂದು ವಾರ ಕೆಲಸ ಕೊಟ್ಟು ನೋಡಿ, ಆಮೇಲೆ ಬೇಡವೆನ್ನಿ.