ಎರಡನೆಯ ಗೇರಿನ ಬಿಗುಮಾನ

ಕೋಟಿ ರೂಪಾಯಿಗೆ ಹತ್ತಿರದ ಬೆಲೆ ತೆತ್ತು ತಂದ ಕಾರು ಬೆಳಗಿನ ಹೊತ್ತು ಎರಡನೆಯ ಗೇರಿಗೆ ಬೀಳಲು ಒಲ್ಲೆನೆಂದು ಮೊಂಡು ಹಿಡಿದರೆ ಒಡೆಯನಿಗೆ ಹೇಗಾಗಬೇಡ? ಕೈಯಿಂದಲೇ ಗೇರು ಬದಲಿಸುವ ಸ್ಪೋರ್ಟ್ಸ್ ಕಾರನ್ನು ಕೊಂಡವರಲ್ಲಿ ಈ ದೂರು ಬಹು ಸಾಮಾನ್ಯ. ಮನೆ ಬಿಟ್ಟ ಮೊದಲ ಒಂದೆರಡು ಮೈಲಿಯವರೆಗೆ ಗೇರಿನ ಹಿಡಿಯು ಒಂದರಿಂದ ಎರಡಕ್ಕೆ ಸರಿಯುವಾಗ ನಡುದಾರಿಯಲ್ಲಿ ಏನನ್ನೋ ಎಡವಿದಂತೆ ನಿಲ್ಲುತ್ತದೆ. ಬಲವಂತವಾಗಿ ತಳ್ಳಿದರೆ ಕರಕರ ಎನ್ನುತ್ತದೆ. ನಾಲ್ಕು ಮೈಲಿ ಓಡಿದ ಮೇಲೆ ಅದೇ ಹಿಡಿ ಬೆಣ್ಣೆಯೊಳಗಿನ ಕೂದಲಿನಂತೆ ಸರಾಗವಾಗಿ ಜಾರುತ್ತದೆ. ಆದರೆ ಅಷ್ಟರೊಳಗೆ ಒಡೆಯನು ತಾನು ಮೋಸಹೋದೆನೆಂದು ನಿಶ್ಚಯಿಸಿ, ಗೇರುಪೆಟ್ಟಿಗೆಯನ್ನು ಬಿಚ್ಚಿಸುವ ಆಲೋಚನೆಗೆ ಬಂದಿರುತ್ತಾನೆ.

ಇಂಥ ಕಾರು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಕಣ್ಣಿಗೆ ಬೀಳುವುದು ಅಪರೂಪ. ಜಾತ್ರೆಗೋ ಮದುವೆಗೋ ಪುಣೆಯಿಂದ, ಬೆಂಗಳೂರಿನಿಂದ ಯಾರಾದರೂ ತಂದರೆ ಊರ ಹುಡುಗರೆಲ್ಲ ಅದರ ಸುತ್ತ ನೆರೆಯುತ್ತಾರೆ. ಆದರೆ ಆ ಕಾರಿನ ಹಟವನ್ನು ಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಜೀಪು ಓಡಿಸಿದವರು, ಹಳೆಯ ಲಾರಿ ಬಸ್ಸುಗಳನ್ನು ಪಳಗಿಸಿದವರು, ಕಬ್ಬಿನ ಟ್ರ್ಯಾಕ್ಟರಿನ ಮೇಲೆ ರಾತ್ರಿಗಳನ್ನು ಕಳೆದವರು. ಡೋಣಿ ನದಿಯ ಬಯಲಿನ ಎರೆ ನೆಲವು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಎಂದೂ ಸಮವಾಗಿ ಉಳಿಯದು. ಅಲ್ಲಿ ಎರಡು ಮೂರು, ಮೂರು ಎರಡು ಎಂದು ಗೇರು ಬದಲಿಸುತ್ತಲೇ ಇರಬೇಕು. ಗೇರಿನ ಸ್ವಭಾವವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಸಂಗತಿ ಇಷ್ಟೆ. ಗೇರುಪೆಟ್ಟಿಗೆಯೊಳಗೆ ಇಂಜಿನ್ನಿನ ಕಡೆಯಿಂದ ತಿರುಗುವ ಭಾಗ ಒಂದು, ಚಕ್ರಗಳ ಕಡೆಯಿಂದ ತಿರುಗುವ ಭಾಗ ಇನ್ನೊಂದು. ಇವೆರಡರ ವೇಗ ಬೇರೆಬೇರೆಯಾಗಿರುವಾಗ ಹಲ್ಲಿಗೆ ಹಲ್ಲು ಸೇರಿಸಹೋದರೆ ಘರ್ಷಣೆಯಾಗುವುದು ಸಹಜ. ಅದನ್ನು ತಪ್ಪಿಸಲು ನಡುವೆ ಒಂದು ಹಿತ್ತಾಳೆಯ ಉಂಗುರವನ್ನು ಇಟ್ಟಿರುತ್ತಾರೆ. ಅದು ಮೊದಲು ಬಂದು ಉಜ್ಜಿಕೊಂಡು ಎರಡರ ವೇಗವನ್ನೂ ಒಂದು ಮಾಡುತ್ತದೆ. ಒಂದಾಗುವವರೆಗೆ ಹಿಡಿಯನ್ನು ಮುಂದೆ ಬಿಡದೆ ತಡೆಯುತ್ತದೆ. ವ್ಯಾಕರಣ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದನ್ನು ಕಂಡಾಗ ಆಗಮ ಸಂಧಿಯ ನೆನಪಾಗುತ್ತದೆ. ‘ಮನೆ’ಗೂ ‘ಅನ್ನು’ವಿಗೂ ನೇರವಾಗಿ ಹೊಂದುವುದಿಲ್ಲ; ನಡುವೆ ಒಂದು ಯಕಾರ ಬಂದು ನಿಂತರೆ ‘ಮನೆಯನ್ನು’ ಎಂದು ನಾಲಗೆಗೆ ಸುಲಭವಾಗುತ್ತದೆ. ಈ ಉಂಗುರದ ಏರ್ಪಾಟಿಗೆ ಸಿಂಕ್ರೋಮೆಶ್ ಎಂದು ಹೆಸರು. ಮಾರಾಟದ ಕಾರಿನಲ್ಲಿ ಇದನ್ನು ಮೊದಲು ತಂದದ್ದು ಅಮೆರಿಕದ ಕ್ಯಾಡಿಲಾಕ್ ಸಂಸ್ಥೆ, 1928ರಲ್ಲಿ.

ಇನ್ನು ಎರಡನೆಯ ಗೇರಿಗೇ ಏಕೆ ಇಷ್ಟು ಬಿಗುಮಾನ? ಒಂದಕ್ಕೂ ಎರಡಕ್ಕೂ ನಡುವಣ ವೇಗದ ಅಂತರ ಮೇಲಿನ ಗೇರುಗಳ ನಡುವಣ ಅಂತರಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಆದ್ದರಿಂದ ಅಲ್ಲಿನ ಉಂಗುರಕ್ಕೆ ದುಡಿಮೆ ಹೆಚ್ಚು. ಎಣ್ಣೆ ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ. ಉಂಗುರಕ್ಕೂ ಅದು ಉಜ್ಜಬೇಕಾದ ಮೈಗೂ ನಡುವೆ ನಿಂತ ಆ ಎಣ್ಣೆಯ ಪದರ ಬೇಗ ಸರಿಯದು. ವೇಗ ಒಂದಾಗಲು ಕ್ಷಣಕಾಲ ತಡವಾಗುತ್ತದೆ. ಪುಷ್ಯಮಾಸದ ಚಳಿಯಲ್ಲಿ ಹಸುಗೂಸೂ ಮುದುಕನೂ ತಡವಾಗಿ ಏಳುವಂತೆಯೇ ಇದು. ಆ ಕ್ಷಣವನ್ನು ಕೊಡಲೊಪ್ಪದ ಅವಸರಗಾರನ ಕೈಯೇ ಉಂಗುರವನ್ನು ಸವೆಸುವುದು. ಸಿಂದಗಿಯ ಗ್ಯಾರೇಜೊಂದರಲ್ಲಿ ಹಿರಿಯ ಮಿಸ್ತ್ರಿಯೊಬ್ಬರು ಇಂಥದೇ ದೂರು ಹೊತ್ತು ಬಂದವರಿಗೆ ಹೇಳಿದ ಮಾತನ್ನು ಕೇಳಿದ್ದೇನೆ: “ಅದಕ್ಕ ಜಬರದಸ್ತಿ ಮಾಡಬ್ಯಾಡ್ರಿ, ಸಾಹೇಬ್ರ. ಒಂದ ಸಲ ಕ್ಲಚ್ ಬಿಟ್ಟ ಮತ್ತ ಹಿಡೀರಿ, ತಾನ ಬೀಳ್ತದ.” ಅವರು ಪೆಟ್ಟಿಗೆಯನ್ನು ಬಿಚ್ಚಲಿಲ್ಲ, ಕಾಸನ್ನೂ ತೆಗೆದುಕೊಳ್ಳಲಿಲ್ಲ.

‘ಬಿಟ್ಟು ಹಿಡಿಯುವ’ ಈ ವಿದ್ಯೆಗೆ ಡಬಲ್ ಕ್ಲಚ್ ಎಂದು ಹೆಸರು. ಕ್ಲಚ್ಚು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚು ಬಿಟ್ಟು, ಕೆಳಗಿನ ಗೇರಿಗೆ ಇಳಿಯುವುದಾದರೆ ಇಂಜಿನ್ನನ್ನು ಒಮ್ಮೆ ಗುರ್ರೆನ್ನಿಸಿ, ಮತ್ತೆ ಕ್ಲಚ್ಚು ಒತ್ತಿ ಗೇರು ಹಾಕುವುದು. ಉಂಗುರ ಮಾಡುವ ಕೆಲಸವನ್ನು ಕಾಲೇ ಮಾಡಿತೆಂದು ಅರ್ಥ. ಹಳೆಯ ಲಾರಿ ಬಸ್ಸುಗಳಲ್ಲಿ ಹಲವಕ್ಕೆ ಉಂಗುರವೇ ಇರಲಿಲ್ಲ. 1940ರ ದಶಕದ ಕೊನೆಯಿಂದ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸಿ ಮಾರತೊಡಗಿದ ವಿಲ್ಲೀಸ್ ಜೀಪಿಗೆ ಮೂರು ಗೇರು. ಉಂಗುರ ಇದ್ದದ್ದು ಎರಡಕ್ಕೂ ಮೂರಕ್ಕೂ ಮಾತ್ರ. ಒಂದನೆಯದಕ್ಕೆ ಹಾಕಬೇಕಾದರೆ ಗಾಡಿ ನಿಲ್ಲಬೇಕು, ಇಲ್ಲವೆ ಓಡಿಸುವವನು ಪಳಗಿದವನಾಗಿರಬೇಕು. 2014ರವರೆಗೆ ತಯಾರಾದ ಅಂಬಾಸಡರ್ ಕಾರಿನದು ಇನ್ನೊಂದು ಪ್ರಸಂಗ. ಬಹುಕಾಲ ಅದರ ಗೇರಿನ ಹಿಡಿ ಸ್ಟೇರಿಂಗಿನ ಬುಡದಲ್ಲಿತ್ತು. ಅಲ್ಲಿಂದ ಪೆಟ್ಟಿಗೆಗೆ ಹೋಗುವ ಸರಳುಗಳು ಸವೆದರೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಡ್ರೈವರ್ ಇಳಿದು, ಬಾನೆಟ್ಟು ಎತ್ತಿ, ಕೈ ಹಾಕಿ ಸರಳನ್ನು ಅಲುಗಿಸಿ ಬರುತ್ತಿದ್ದ. ಒಳಗೆ ಕುಳಿತ ಮದುವೆಯ ದಿಬ್ಬಣ ಬುತ್ತಿ ಬಿಚ್ಚುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ.

ಇಂದಿನ ಸ್ಪೋರ್ಟ್ಸ್ ಕಾರಿನ ಚಮತ್ಕಾರ ನೋಡಿ. 2009ರ ಮಾದರಿಯ ನಿಸಾನ್ 370ಝೆಡ್ ಕಾರಿನಲ್ಲಿ ಕೆಳಗಿನ ಗೇರಿಗೆ ಇಳಿಯುವಾಗ ಇಂಜಿನ್ನನ್ನು ಗುರ್ರೆನ್ನಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಮೂರನೆಯ ಗೇರಿನಲ್ಲಿ ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದು ಇಟ್ಟುಕೊಳ್ಳಿ. ಎರಡನೆಯದರ ಪ್ರಮಾಣ ಅದರ ಒಂದೂವರೆಯಷ್ಟಿದ್ದರೆ, ಅದೇ ವೇಗದಲ್ಲಿ ಇಂಜಿನ್ನು 4500 ಸುತ್ತಿಗೆ ಏರಿರಬೇಕು. ಏರಿರದಿದ್ದರೆ ಕ್ಲಚ್ಚು ಬಿಟ್ಟೊಡನೆ ಕಾರು ಜಗ್ಗುತ್ತದೆ. ಈ ಲೆಕ್ಕವನ್ನು ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುತ್ತದೆ. ಜಗತ್ತು ಅದನ್ನು ಹೊಸ ಆವಿಷ್ಕಾರವೆಂದು ಕೊಂಡಾಡಿತು. ಹಳೆಯ ಬಸ್ಸಿನ ಡ್ರೈವರರು ಇದೇ ಲೆಕ್ಕವನ್ನು ಕಿವಿಯಿಂದ ಮಾಡುತ್ತಿದ್ದರು. ಅವರನ್ನು ಯಾರೂ ಕೊಂಡಾಡಲಿಲ್ಲ.

ಚೋದ್ಯಗಳು ಇನ್ನೂ ಇವೆ. 1989ರ ಕಾರ್ವೆಟ್ ಕಾರಿನಲ್ಲಿ ಮೆಲ್ಲಗೆ ಹೊರಟವನನ್ನು ಯಂತ್ರವು ಒಂದರಿಂದ ನೇರವಾಗಿ ನಾಲ್ಕಕ್ಕೆ ದಾಟಿಸುತ್ತಿತ್ತು. ಇಂಧನದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಲು ಹೂಡಿದ ಉಪಾಯ ಅದು. ನಮ್ಮ ವಿದ್ಯಾರ್ಥಿಗಳು ಗೈಡು ಓದಿ ಪಾಸಾಗುವುದನ್ನು ಹಳಿಯುವವರು ಇದನ್ನು ಗಮನಿಸಬೇಕು! 2011ರಲ್ಲಿ ಪೋರ್ಷೆಯವರು ತಮ್ಮ 911ಕ್ಕೆ ಏಳು ಗೇರು ಕೊಟ್ಟು, ಏಳನೆಯದಕ್ಕೆ ಐದರಿಂದಲೋ ಆರರಿಂದಲೋ ಮಾತ್ರ ದಾರಿ ಬಿಟ್ಟರು. ಅದೇ ಸಂಸ್ಥೆ 2013ರ ಜಿಟಿ3 ಕಾರಿನಲ್ಲಿ ಕೈಗೇರನ್ನು ತೆಗೆದೇಹಾಕಿತು. ಅಭಿಮಾನಿಗಳ ಅಸಮಾಧಾನ ತಣಿಯಲಿಲ್ಲ. 2017ರಲ್ಲಿ ಮರಳಿ ಕೊಡಬೇಕಾಯಿತು. ರಿವರ್ಸ್ ಹಾಕಿದಾಗ ಕೇಳುವ ‘ಊಂ’ ಎಂಬ ಗೋಳಿಗೂ ಹೆದರಬೇಕಾದ್ದಿಲ್ಲ. ಅಲ್ಲಿನ ಹಲ್ಲುಗಳು ಸಾಮಾನ್ಯವಾಗಿ ಓರೆಯಾಗಿರದೆ ನೇರವಾಗಿರುತ್ತವೆ, ನೇರ ಹಲ್ಲಿಗೆ ಸದ್ದು ಹೆಚ್ಚು. ಆದರೆ ಬಿಸಿಯಾದ ಮೇಲೂ ಗೇರು ಕರಕರ ಎಂದರೆ, ಹಾಕಿದ ಗೇರು ತಾನಾಗಿ ಹೊರಕ್ಕೆ ಜಿಗಿದರೆ, ಆಗ ಮಿಸ್ತ್ರಿಯ ಬಳಿಗೆ ಹೋಗಲೇಬೇಕು. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ಹಿಂದಿನ ಅಚ್ಚಿನ ಡಿಫರೆನ್ಷಿಯಲ್ಲಿಗೆ ಹಾಕುವ ಎಣ್ಣೆಯನ್ನೇ ಗೇರುಪೆಟ್ಟಿಗೆಗೂ ಸುರಿಯುವ ರೂಢಿ ಕೆಲವು ಕಡೆ ಇದೆ. ಅದರಲ್ಲಿನ ಗಂಧಕದ ಅಂಶ ಹಿತ್ತಾಳೆಯ ಉಂಗುರವನ್ನು ತಿನ್ನಬಲ್ಲದು.

ಕಾರಿನ ಹಟದಿಂದ ಹೋಗುವುದು ಹಣ ಮಾತ್ರ. ಟ್ರ್ಯಾಕ್ಟರಿನ ಹಟ ಹಾಗಲ್ಲ. ಭೀಮಾ ತೀರದ ಇಂಡಿ, ಸಿಂದಗಿಗಳಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳು ಕಾರ್ಖಾನೆಯ ಹಾದಿ ಹಿಡಿಯುತ್ತವೆ. ಅವುಗಳಲ್ಲಿ ಬಹುಪಾಲಿಗೆ ಈ ಉಂಗುರದ ಸೌಕರ್ಯವಿಲ್ಲ. ನಿಂತಲ್ಲಿ ಗೇರು ಹಾಕಿ ಹೊರಡಬೇಕಾದ ಯಂತ್ರಗಳು ಅವು. ಹಳ್ಳದ ಇಳಿಜಾರು ಬಂದಾಗ ನಾಲ್ಕು ಹನಿ ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡಿ ಬಿಡುವ ಕೆಟ್ಟ ಚಾಳಿ ಕೆಲವರಿಗಿದೆ. ಹಿಂದಿನಿಂದ ಕಬ್ಬಿನ ಭಾರ ನೂಕುತ್ತದೆ, ವೇಗ ಏರುತ್ತದೆ. ಆಗ ಗಾಬರಿಯಿಂದ ಗೇರು ಹಾಕಹೋದರೆ ಹಲ್ಲು ಹಲ್ಲು ಕಚ್ಚುವುದೇ ಇಲ್ಲ. ಇಂಜಿನ್ನಿನ ಹಿಡಿತ ಮೊದಲೇ ತಪ್ಪಿರುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಟ್ರ್ಯಾಕ್ಟರಿನ ಬ್ರೇಕೊಂದೇ ಅಷ್ಟು ಭಾರವನ್ನು ತಡೆಯಬೇಕು. ಒಮ್ಮೆ ಬ್ರೇಕು ಬಿಗಿಯಾಗಿ ಒತ್ತಿದರೆ ಹಿಂದಿನ ಟ್ರೇಲರು ಅಡ್ಡ ತಿರುಗಿ ಮುಂದಿನದನ್ನೂ ಮಗುಚುತ್ತದೆ. ಎದುರಿಗೆ ಸೈಕಲ್ಲೋ ಚಕ್ಕಡಿಯೋ ಶಾಲೆಯ ಮಕ್ಕಳೋ ಇದ್ದರೆ ಮುಂದಿನದನ್ನು ಬರೆಯಬೇಕಾಗಿಲ್ಲ.

ಬಾಗೇವಾಡಿ ಕಡೆಯ ಒಬ್ಬ ವಯಸ್ಸಾದ ಡ್ರೈವರರು ಹೊಸದಾಗಿ ಟ್ರ್ಯಾಕ್ಟರು ಹತ್ತಿದ ಹುಡುಗನನ್ನು ದಿಬ್ಬದ ನೆತ್ತಿಯ ಮೇಲೆಯೇ ನಿಲ್ಲಿಸಿ ಹೇಳುತ್ತಿದ್ದರು: “ತಮ್ಮಾ, ಏರಾಕ ಯಾವ ಗೇರ್ ಹಾಕ್ತಿದ್ದಿ, ಅದನ್ನ ಇಳಿಯಾಕೂ ಹಾಕು. ಇಲ್ಲೇ ಹಾಕು. ನಡುವ ಕೈ ಹಚ್ಚಬ್ಯಾಡ.” ಹುಡುಗ ಹಿಡಿಯನ್ನು ಸರಿಸಿದ, ಗೇರು ಸದ್ದಿಲ್ಲದೆ ಬಿತ್ತು, ಎರಡು ಟ್ರೇಲರು ಕಬ್ಬು ಇಂಜಿನ್ನಿನ ಒಂದೇ ದನಿಯಲ್ಲಿ, ಆಳು ನಡೆಯುವ ವೇಗದಲ್ಲಿ, ಹಳ್ಳದ ಸೇತುವೆಗೆ ಇಳಿದವು.