ಕಟ್ಟಿದ ಉಗಮ

ಮಿಸಿಸಿಪಿ ನದಿ ಹುಟ್ಟುವ ಇಟಾಸ್ಕಾ ಸರೋವರವನ್ನು 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಕಂಡುಹಿಡಿದನೆಂಬ ಮಾತು ರೂಢಿಯಲ್ಲಿದೆಯಾದರೂ, ಅವನಿಗೆ ದಾರಿ ತೋರಿದವರು ಒಜಿಬ್ವೆ ಜನಾಂಗದ ಮುಖಂಡರಾದ ಓಜಾವಿಂಡಿಬ್. ಆ ಜನರಿಗೆ ಅದು ಅದಾಗಲೇ ಪರಿಚಿತ ನೀರಾಗಿತ್ತು.

1891ರಲ್ಲಿ ಮಿನೆಸೋಟಾ ಶಾಸನಸಭೆ ಒಂದೇ ಮತದ ಅಂತರದಿಂದ ಸರೋವರದ ಸುತ್ತಣ ನೆಲವನ್ನು ರಾಜ್ಯ ಉದ್ಯಾನವೆಂದು ಘೋಷಿಸಿತು. ಇದಕ್ಕಾಗಿ ಹೋರಾಡಿದ ಭೂಮಾಪಕ ಜೇಕಬ್ ಬ್ರೋವರ್ ಮೊದಲ ಆಯುಕ್ತನಾದನು. ಆದರೆ ಕಾನೂನು ಬಂದಷ್ಟು ಬೇಗ ಕೊಡಲಿ ನಿಲ್ಲಲಿಲ್ಲ. ಗಡಿಯೊಳಗಿನ ಸಾಕಷ್ಟು ಭೂಮಿ ಖಾಸಗಿಯವರ ಕೈಯಲ್ಲೇ ಉಳಿದಿದ್ದರಿಂದ ಪೈನ್ ಮರಗಳ ಕಡಿತ 1920ರ ಸುಮಾರಿನವರೆಗೂ ನಡೆಯಿತು. ನದಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸಿ, ತೂಬು ತೆರೆದು ದಿಮ್ಮಿಗಳನ್ನು ಒಮ್ಮೆಗೇ ತೇಲಿಬಿಡುವುದು ಆಗಿನ ಪದ್ಧತಿಯಾಗಿತ್ತು. ಹಿನ್ನೀರು ಸರೋವರದಲ್ಲಿ ಏರಿ ದಡದ ಮರಗಳನ್ನು ಕೊಲ್ಲುತ್ತಿತ್ತು. 1903ರಲ್ಲಿ ತಂದೆಯ ಮರಣಾನಂತರ ಆಯುಕ್ತೆಯಾದ 24 ವರ್ಷದ ಮೇರಿ ಗಿಬ್ಸ್ ಆ ತೂಬನ್ನು ತೆರೆಸಲು ಹೋದಾಗ ಬಂದೂಕಿನ ಬೆದರಿಕೆ ಎದುರಾದರೂ ಹಿಮ್ಮೆಟ್ಟಲಿಲ್ಲ. ಅದೇ ವರ್ಷ ಅವರ ಅಧಿಕಾರ ಕೊನೆಗೊಂಡಿತೆಂಬುದು ಆ ಕಾಲದ ರಾಜಕಾರಣದ ಬಗ್ಗೆ ಸಾಕಷ್ಟು ಹೇಳುತ್ತದೆ.

ಇಂದಿನ ಪ್ರವಾಸಿಗರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನದಿಯನ್ನು ದಾಟುವ ಉಗಮಸ್ಥಾನ ಬಹುಮಟ್ಟಿಗೆ 1930ರ ದಶಕದ ನಿರ್ಮಾಣ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲೆಂದು ಕೇಂದ್ರ ಸರ್ಕಾರ ಹುಟ್ಟುಹಾಕಿದ ನಾಗರಿಕ ಸಂರಕ್ಷಣಾ ದಳವು ಉದ್ಯಾನದಲ್ಲಿ ದುಡಿಯಿತು. ಜೌಗನ್ನು ಬತ್ತಿಸಿ, ಹೊಸ ಕಾಲುವೆ ತೋಡಿ, ಬಂಡೆಗಳನ್ನು ಜೋಡಿಸಿದ ಮೇಲೆಯೇ ಆ ನೋಟ ದೊರೆಯಿತು. ಇದೇ ದಳ ಗಾಳಿಗೆ ಉರುಳಿದ ಮರಗಳಿಂದ ಕಟ್ಟಿದ ಓಲ್ಡ್ ಟೈಮರ್ಸ್ ಕ್ಯಾಬಿನ್‌ನಲ್ಲಿ ದಿಮ್ಮಿಗಳು ಎಷ್ಟು ದಪ್ಪವೆಂದರೆ, ಗೋಡೆಯ ಎತ್ತರಕ್ಕೆ ನಾಲ್ಕೇ ಸಾಲು ಸಾಕಾಯಿತು.

ಡೇರೆ ಹಾಕಿ ತಂಗುವ ತಾಣಗಳು ಇಲ್ಲಿ ಎರಡು: ನೀರಿನ ಅಂಚಿನ ಬೇರ್ ಪಾ ಮತ್ತು ಪೈನ್ ರಿಡ್ಜ್. ಅಲ್ಲಿ ತಂಗುವವರ ತಲೆಯ ಮೇಲಿನ ಹಳೆಯ ಕೆಂಪು ಪೈನ್‌ಗಳು ಬಹುತೇಕ ಹಿಂದಿನ ಕಾಳ್ಗಿಚ್ಚುಗಳ ಬಳಿಕ ಮೊಳೆತವು. ಬೆಂಕಿಯನ್ನು ದಶಕಗಳ ಕಾಲ ತಡೆದದ್ದರಿಂದಲೂ ಜಿಂಕೆಗಳು ಸಸಿಗಳನ್ನು ಮೇಯ್ದದ್ದರಿಂದಲೂ ಹೊಸ ಪೀಳಿಗೆಯ ಮರಗಳು ವಿರಳವಾದವು. ಆದ್ದರಿಂದ ಈಗ ನಿಯಂತ್ರಿತ ಬೆಂಕಿಯನ್ನು ಹಚ್ಚಲಾಗುತ್ತಿದೆ, ಜಿಂಕೆ ಬೇಟೆಗೂ ಅನುಮತಿಯಿದೆ. ಚಳಿಗಾಲಕ್ಕೆ ಮುನ್ನ ಎಳೆಯ ಬಿಳಿ ಪೈನ್‌ನ ತುದಿಮೊಗ್ಗಿಗೆ ಕಾಗದದ ಚೂರೊಂದನ್ನು ಮಡಚಿ ಪಿನ್ ಹೊಡೆದು ಮುಚ್ಚುವ ಕೆಲಸವೂ, ಸಸಿ ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ, ವರ್ಷವರ್ಷವೂ ನಡೆಯುತ್ತದೆ.